ಆ ಅಂಬಾಸಿಡರ್ ಕಿಟ್‌ಗೆ ವಾಟರ್ ಪೇಪರ್ ಮುಟ್ಟಿಸಬಾರದಿತ್ತು

ಡಬ್ಬಿ ಮೇಲಿನ ಚಿತ್ರ ನೋಡಿ ರೆಸಿನ್ ಕಾರ್ ಕಿಟ್, ಅಂದರೆ ಅಚ್ಚಿಗೆ ಹೊಯ್ದು ಗಟ್ಟಿಮಾಡಿದ ಪ್ಲಾಸ್ಟಿಕ್‌ನಂಥ ತುಂಡುಗಳನ್ನು ಜೋಡಿಸಿ ಮಾಡುವ ಪುಟ್ಟ ಕಾರ್, ತರಿಸುವವರು ಇದನ್ನೊಮ್ಮೆ ಓದಿ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಗೆ ಬಂದಿಳಿದ 1:43 ಅಳತೆಯ, ಅಂದರೆ ಅಸಲಿ ಕಾರಿನ 43ನೇ ಒಂದು ಪಾಲಿನಷ್ಟಿರುವ ಅಂಬಾಸಿಡರ್ ಕಿಟ್ ಅದು. ಬೆಲೆ 3,200 ರೂಪಾಯಿ. ಮಾರಿದ್ದು ಆನ್‌ಲೈನ್‌ನಲ್ಲಿ, ಯಾರು ಅನ್ನುವುದು ಬೇಡ. ಒಂದೇ ತುಂಡಿನ ಬಾಡಿ, ಚಾಸಿ, ಸೀಟು, ಲೋಹದ ಚಕ್ರ, ಬಂಪರ್, ಗಾಜಿಗೆಂದು ತೆಳು ಪ್ಲಾಸ್ಟಿಕ್ ಅಚ್ಚು, ಒಂದು ಚೂರು ಡಿಕಾಲ್ (ಮೇಲೆ ಅಂಟಿಸುವ ಚಿತ್ರ). ಎಣಿಸಿದರೆ ಎಲ್ಲ ಇತ್ತು, ಜೋಡಿಸಹೋದರೆ ಒಂದೂ ಕೂರಲಿಲ್ಲ. ವಾಪಸ್ ಕಳಿಸೋಣವೆಂದರೆ ಅಷ್ಟರಲ್ಲಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿ ಬಾಡಿ ಉಜ್ಜಿ ಆಗಿತ್ತು. ಕೆಲಸ ಶುರು ಮಾಡಿದ ಮಾಲು ವಾಪಸ್ ತಗೊಳ್ಳಲ್ಲ ಅಂದರು. ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ಉಜ್ಜುವ ಮೊದಲೇ ಎಲ್ಲ ಗೊತ್ತಾಗುತ್ತಿತ್ತು.

ಮೊದಲು ಅಳೆಯಬೇಕಿತ್ತು. ಅಸಲಿ ಅಂಬಾಸಿಡರ್‌ನಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2,464 ಮಿಲಿಮೀಟರ್. 43ರಿಂದ ಭಾಗಿಸಿದರೆ 57.3 ಬರಬೇಕು. ಈ ಕಿಟ್‌ನಲ್ಲಿ ಬಂದದ್ದು 56.1. ಒಂದು ಮಿಲಿಮೀಟರ್‌ನಲ್ಲಿ ಏನಿದೆ ಅನ್ನಬೇಡಿ, ಕಥೆಯೆಲ್ಲ ಅಲ್ಲೇ ಇದೆ. ರೆಸಿನ್ ಗಟ್ಟಿಯಾಗುವಾಗ ಶೇಕಡಾ ಒಂದಕ್ಕಿಂತ ಕಡಿಮೆಯಾದರೂ ಕುಗ್ಗುತ್ತದೆ. ಯಾರೋ ಮಾಡಿದ ಕಿಟ್ ಕೊಂಡು, ಅದರ ಮೇಲೇ ಸಿಲಿಕೋನ್ ಸುರಿದು ಅಚ್ಚು ತೆಗೆದು, ಆ ಅಚ್ಚಿನಲ್ಲಿ ಎರಕ ಹೊಯ್ದರೆ ಇನ್ನೊಂದು ಸಲ ಕುಗ್ಗುತ್ತದೆ. ಶೇಕಡಾ ಎರಡು ಕುಗ್ಗಿದೆ ಅಂದರೆ ಎರಡು ಮೂರು ತಲೆಮಾರು ದಾಟಿ ಬಂದ ನಕಲು. ಉದ್ದ, ಅಗಲ, ಎತ್ತರ ಮೂರೂ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ನಕಲೆಂದು ಅನುಮಾನಿಸಿ. ಉದ್ದ ಸರಿಯಿದ್ದು ಅಗಲವೊಂದೇ ತಪ್ಪಿದ್ದರೆ ಮೂಲ ಮಾದರಿ ಕೆತ್ತಿದವರ ಲೆಕ್ಕ ತಪ್ಪಿದೆ, ಅದು ಬೇರೆ ರೋಗ. ಇಲ್ಲಿ ಬಾಡಿ ಕುಗ್ಗಿತ್ತು, ಗಾಜಿನ ಅಚ್ಚು ಮತ್ತು ಚಕ್ರ ಮೂಲ ಕಿಟ್‌ನ ಅಳತೆಗೇ ಇದ್ದವು. ಹಾಗಾಗಿ ಗಾಜು ಒಳಗೆ ಇಳಿಯಲಿಲ್ಲ, ಚಕ್ರ ಮಡ್‌ಗಾರ್ಡಿಗೆ ತಾಗಿತು.

ಕಾರಿನ ಒಟ್ಟು ಉದ್ದ ನಂಬಬೇಡಿ. ಬಂಪರ್ ಬೇರೆ ತುಂಡಾಗಿ ಬರುವುದರಿಂದ ಲೆಕ್ಕ ಎಡವುತ್ತದೆ. ಚಕ್ರದ ಅಂತರವೇ ಸರಿ. ಸ್ಕೇಲ್ ಸಾಲದು, ಮಿಲಿಮೀಟರ್‌ನ ಭಾಗವನ್ನೂ ಅಳೆಯುವ ವರ್ನಿಯರ್ ಬೇಕು. ಲೇತ್ ಅಂಗಡಿಯಲ್ಲಿ ಕೇಳಿ, ಇಲ್ಲವೇ ಇಂಜಿನಿಯರಿಂಗ್ ಹುಡುಗರನ್ನು ಕೇಳಿ. ದಾವಣಗೆರೆಯಲ್ಲಿ ಅವರಿಗೇನು ಬರವೇ!

ಸಿಲಿಕೋನ್ ಅಚ್ಚಿಗೂ ಆಯುಷ್ಯವಿದೆ. ಕೆಲವು ಡಜನ್ ಎರಕ ಆಗುವಷ್ಟರಲ್ಲಿ ಸಣ್ಣ ಅಂಚುಗಳು ಹರಿಯತೊಡಗುತ್ತವೆ. ಬಾಗಿಲ ಗೆರೆ ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಮಾಸಿಹೋಗಿದ್ದರೆ, ಗ್ರಿಲ್ ಗೆರೆಗಳ ನಡುವೆ ರೆಸಿನ್ ತುಂಬಿಕೊಂಡಿದ್ದರೆ ಅಚ್ಚು ಸವೆದಿದೆ ಎಂದೇ ಅರ್ಥ. ಗೆರೆಯನ್ನು ಸೂಜಿಯಿಂದ ಮತ್ತೆ ಕೊರೆಯಬಹುದು. ಗ್ರಿಲ್ ಹೋದರೆ ಹೋಯಿತು.

ಗುಳ್ಳೆಯದು ಇನ್ನೂ ಮೋಸ, ಮೇಲೆ ಕಾಣುವುದೇ ಇಲ್ಲ. ಪಾಲಿಯುರೆಥೇನ್ ರೆಸಿನ್‌ಗೆ ತೇವ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಒಳಗೊಳಗೇ ಉಬ್ಬುತ್ತದೆ. ಮಳೆಗಾಲದಲ್ಲಿ ರೆಸಿನ್ ಡಬ್ಬಿ ತೆರೆದಿಟ್ಟು ಹೊಯ್ದ ಮಾಲು ನಮ್ಮೂರ ಮಂಡಕ್ಕಿಯಷ್ಟೇ ಹಗುರ. ಕತ್ತಲೆ ಕೋಣೆಯಲ್ಲಿ ಬಾಡಿ ಒಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ: ಟಾಪು, ಬಾನೆಟ್ ಅಂಚು, ಕಿಟಕಿ ಕಂಬ. ಚುಕ್ಕಿ ಚುಕ್ಕಿ ಬೆಳಕು ಕಂಡರೆ ಸಿಪ್ಪೆಯಷ್ಟು ತೆಳು ಪದರದ ಕೆಳಗೆ ಗುಳ್ಳೆ ಕೂತಿದೆ. ವಾಟರ್ ಪೇಪರ್ ತಾಗಿದ ತಕ್ಷಣ ಬಾಯಿ ತೆರೆಯುತ್ತದೆ. ಈ ಅಂಬಾಸಿಡರ್‌ಗೆ 400 ನಂಬರ್ ಪೇಪರ್ ನಾಲ್ಕು ಸಲ ಎಳೆದದ್ದಷ್ಟೇ, ಟಾಪಿನ ತುಂಬ ಸಿಡುಬಿನ ಕಲೆ. ನಾಲ್ಕೈದು ತೂತಾದರೆ ಕಾರ್ ಪೇಂಟ್ ಅಂಗಡಿಯ ಎನ್‌ಸಿ ಪುಟ್ಟಿ ತೆಳುವಾಗಿ ಎರಡು ಮೂರು ಸಲ ಹಚ್ಚಿ ಮುಚ್ಚಬಹುದು. ಫೆವಿಕ್ವಿಕ್ ಜೊತೆ ಅಡುಗೆ ಸೋಡಾ ಹಾಕುವವರಿದ್ದಾರೆ. ಅದು ರೆಸಿನ್‌ಗಿಂತ ಗಟ್ಟಿಯಾಗಿ, ಉಜ್ಜುವಾಗ ಸುತ್ತಲಿನ ಜಾಗ ತಗ್ಗಾಗುತ್ತದೆ.

ಮುಟ್ಟಿದರೆ ಅಂಟುವ, ದಿನ ಕಳೆದರೂ ಘಾಟು ಬಿಡದ ಬಾಡಿಯನ್ನು ಮಾತ್ರ ಒಂದು ಗಂಟೆಯೂ ಇಟ್ಟುಕೊಳ್ಳಬೇಡಿ. ರೆಸಿನ್‌ಗೆಂದು ಬೆರೆಸುವ ಎರಡು ದ್ರಾವಣಗಳ ಪ್ರಮಾಣ ತಪ್ಪಿದ ಎರಕ ಬಿಸಿಲಿಗಿಟ್ಟರೂ ಗಟ್ಟಿಯಾಗದು, ಮೇಲೆ ಬಣ್ಣವೂ ನಿಲ್ಲದು. ಈಗ 3ಡಿ ಪ್ರಿಂಟರ್‌ನಲ್ಲಿ ತೆಗೆದದ್ದನ್ನೂ ಎರಕ ಎಂದು ಮಾರುತ್ತಾರೆ. ಬಾನೆಟ್, ಟಾಪಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ, ಒಳಗಡೆ ಆಧಾರದ ಕಡ್ಡಿ ಮುರಿದ ಮೊಳಕೆಗಳು ಕಂಡರೆ ಅದು ಪ್ರಿಂಟ್. ಪ್ರಿಂಟ್ ಅನ್ನುವುದೇ ತಪ್ಪಲ್ಲ, ಸುಳ್ಳು ಹೇಳಿ ಮಾರುವುದು ತಪ್ಪು.

ಸೊಟ್ಟಗಿರುವುದಕ್ಕೆ ಹೆದರಬೇಕಿಲ್ಲ. ಬಾಡಿಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಮೂಲೆ ಒತ್ತಿ, ಅದು ಅಲುಗಾಡಿದರೆ ಬಾಗಿದೆ. ಬಿಸಿಲಿಗೆ ಕಾದ ಪಾರ್ಸೆಲ್ ಗಾಡಿಯಲ್ಲಿ ತೆಳು ರೆಸಿನ್ ಬಾಗುವುದು ಸಹಜ. ಕೈ ಇಡಲಾಗದಷ್ಟು ಬಿಸಿ, ಆದರೆ ಕುದಿಯದ ನೀರಿನಲ್ಲಿ ಒಂದು ನಿಮಿಷ ಬಿಟ್ಟು, ನೇರ ಮಾಡಿ, ತಣ್ಣೀರಿಗೆ ಅದ್ದಿ. ಕಿಟಕಿ ಕಂಬಗಳನ್ನು ಹಿಡಿದು ತಿರುಚಬೇಡಿ, ಲಟಕ್ಕನೆ ಹೋಗುತ್ತವೆ.

ಇಷ್ಟಾದ ಮೇಲೆ ಅಂಟು ಹಾಕದೆ, ಬರೀ ಮಾಸ್ಕಿಂಗ್ ಟೇಪಿನಲ್ಲಿ ಬಾಡಿ, ಚಾಸಿ, ಚಕ್ರ ನಿಲ್ಲಿಸಿ. ನಾಲ್ಕೂ ಚಕ್ರ ನೆಲ ಮುಟ್ಟಬೇಕು, ಗಾಜು ಒಳಗೆ ಇಳಿಯಬೇಕು. ಪಾರ್ಸೆಲ್ ಬಿಚ್ಚುವಾಗಿನಿಂದ ಇಲ್ಲಿಯವರೆಗೆ ವಿಡಿಯೊ ಇರಲಿ, ವರ್ನಿಯರ್‌ನ ಅಂಕಿ ಕಾಣುವಂತೆ ಒಂದು ಫೋಟೊ ಇರಲಿ.

ಪಾಸಾದರೆ ಮಾತ್ರ ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಸಿಲಿಕೋನ್ ಎಣ್ಣೆ ಉಳಿದರೆ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಪದರ) ಮೀನಿನ ಕಣ್ಣಿನಂತೆ ಸರಿದು ನಿಲ್ಲುತ್ತದೆ. ನೀರು ಹನಿಹನಿಯಾಗಿ ಜಾರುತ್ತಿದ್ದರೆ ಮತ್ತೆ ತೊಳೆಯಿರಿ. ಉಜ್ಜುವುದು ನೀರು ಹಾಕಿಯೇ, ಮಾಸ್ಕ್ ಕಟ್ಟಿಕೊಂಡೇ. ಆ ಪುಡಿ ಎದೆಗೆ ಹೋಗಬಾರದು. ಚಿತ್ರದುರ್ಗದ ಕಡೆಯವರು ಆಷಾಢದ ಗಾಳಿಯಲ್ಲಿ ಮಾಳಿಗೆ ಮೇಲೆ ಸ್ಪ್ರೇ ಹೊಡೆಯಬೇಡಿ, ಧೂಳೆಲ್ಲ ಬಣ್ಣದಲ್ಲೇ ಕೂರುತ್ತದೆ. ಪ್ಲಾಸ್ಟಿಕ್ ಕಿಟ್‌ನ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ, ಅರಾಲ್ಡೈಟ್ ಬೇಕು. ಗಾಜಿಗೆ ಫೆವಿಕಾಲ್ ಸಾಕು; ಫೆವಿಕ್ವಿಕ್ ಹಾಕಿದರೆ ಮಂಜು ಕಟ್ಟುತ್ತದೆ.

ಪಾಸಾಗದಿದ್ದರೆ ಉಜ್ಜದೆ, ತೊಳೆಯದೆ ಅದೇ ಡಬ್ಬಿಯಲ್ಲಿಟ್ಟು, ಅಳತೆ ಸಮೇತ ಬರಹದಲ್ಲೇ ದೂರು ಕಳಿಸಿ. ಫೋನಿನ ಮಾತು ಲೆಕ್ಕಕ್ಕಿಲ್ಲ. ಅವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಈ ಕಿಟ್‌ನಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ನಾಲ್ಕು ಚಕ್ರ ಮತ್ತು ಎರಡು ಬಂಪರ್.