ಮೂರು ಟಾರ್ಚ್ ಹಾಳಾದ ಮೇಲೆ ದೋಣಿಯಲ್ಲಿ ನಿಂತದ್ದು ಈ ಒಂದು ಸೆಲ್ಲಿನ ಟಾರ್ಚ್

ನಾನು ಮತ್ತು ನನ್ನ ಹೆಂಡತಿ ಎರಡು ವರ್ಷದಿಂದ ಒಂದು ಸಣ್ಣ ಹಾಯಿದೋಣಿಯಲ್ಲೇ ವಾಸ ಇದ್ದೇವೆ. ಅಡುಗೆ, ನಿದ್ದೆ, ರಿಪೇರಿ ಎಲ್ಲಾ ಅದರಲ್ಲೇ. ಮೊದಲ ಹತ್ತು ತಿಂಗಳಲ್ಲಿ ಮೂರು ಟಾರ್ಚ್ ಕಳೆದುಕೊಂಡೆವು. ನಾಲ್ಕನೆಯದು ಹದಿನಾಲ್ಕು ತಿಂಗಳಿಂದ ಒಂದು ಸಲವೂ ಕೈಕೊಟ್ಟಿಲ್ಲ. ಅದೂ ಅಗ್ಗದ್ದೇ. ಹಾಗಾಗಿ ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಮೊದಲು ಹಾಳಾದವುಗಳ ಕಥೆ ಹೇಳುತ್ತೇನೆ, ಯಾಕೆಂದರೆ ಏನು ಬೇಕು ಅಂತ ನನಗೆ ತಿಳಿದದ್ದು ಅವುಗಳಿಂದಲೇ.

ಒಂದನೆಯದು ಮೂರು ಎಎಎ ಸೆಲ್ ಹಾಕುವಂಥದ್ದು. ಒಳಗೆ ಒಂದು ಪ್ಲಾಸ್ಟಿಕ್ ಗೂಡು, ಅದರಲ್ಲಿ ಮೂರು ಸೆಲ್. ಒಂದು ರಾತ್ರಿ ಎರಡು ಗಂಟೆಗೆ ಗಾಳಿ ತಿರುಗಿತು, ಲಂಗರು ಜಾರುತ್ತಿದೆಯೇನೋ ಅಂತ ನೋಡಲು ಮುಂದಕ್ಕೆ ಹೋದೆ, ಗುಂಡಿ ಒತ್ತಿದೆ, ಬೆಳಕಿಲ್ಲ. ಅಂಗೈಗೆ ಬಡಿದೆ, ಮತ್ತೆ ಒತ್ತಿದೆ, ಇಲ್ಲ. ಫೋನ್ ತೆಗೆದರೆ ಒದ್ದೆ ಬೆರಳಿಗೆ ಅದರ ಪರದೆ ಸ್ಪಂದಿಸುವುದೇ ಇಲ್ಲ. ಕೊನೆಗೆ ಹಗ್ಗವನ್ನು ಕೈಯಲ್ಲಿ ಮುಟ್ಟಿ ಮುಟ್ಟಿ, ಅದು ಅದುರುತ್ತಿದೆಯಾ ಇಲ್ಲವಾ ಅಂತ ನೋಡಿ, ಲಂಗರು ಹಿಡಿದಿದೆ ಅಂತ ತಿಳಿದುಕೊಂಡೆ. ಬೆಳಗ್ಗೆ ಬಿಚ್ಚಿ ನೋಡಿದರೆ ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು, ಒಂದು ಸೆಲ್ಲಿನಿಂದ ಬಿಳಿ ಪುಡಿ. ಆಲ್ಕಲೈನ್ ಸೆಲ್ ಸೋರಿದರೆ ಹೊರಬರುವುದು ಪೊಟ್ಯಾಷಿಯಂ ಹೈಡ್ರಾಕ್ಸೈಡ್, ಅದು ಲೋಹವನ್ನು ತಿಂದುಬಿಡುತ್ತದೆ. ಜೊತೆಗೆ ಉಪ್ಪಿನ ಗಾಳಿ. ಮೂರು ಸೆಲ್ ಅಂದರೆ ಗೂಡಿನಲ್ಲಿ ಆರು ಕಡೆ ಲೋಹ ಲೋಹಕ್ಕೆ ತಾಗಬೇಕು, ಅದರಲ್ಲಿ ಒಂದು ಕಡೆ ಕಿಲುಬು ಕಟ್ಟಿದರೂ ಕತ್ತಲೆ.

ಎರಡನೆಯದು ಯುಎಸ್‌ಬಿಯಲ್ಲಿ ಚಾರ್ಜ್ ಮಾಡುವಂಥದ್ದು, ಬ್ಯಾಟರಿ ಒಳಗೇ ಮುಚ್ಚಿರುತ್ತದೆ. ಮನೆಯಲ್ಲಿ ಇದು ಬಹಳ ಚೆನ್ನ. ದೋಣಿಯಲ್ಲಿ ಆ ಚಾರ್ಜಿಂಗ್ ತೂತಿನ ಮೇಲಿನ ರಬ್ಬರ್ ಮುಚ್ಚಳ ಕೆಲವೇ ತಿಂಗಳಲ್ಲಿ ಸಡಿಲವಾಯಿತು. ಒಳಗೆ ತೇವ ಇದ್ದಾಗ ವೈರ್ ಚುಚ್ಚಿದರೆ ಉಪ್ಪು ನೀರು ಮತ್ತು ವಿದ್ಯುತ್ ಸೇರಿ ಪಿನ್ನುಗಳನ್ನು ಕರಗಿಸುತ್ತವೆ. ನಮ್ಮದು ಹಾಗೇ ಹೋಯಿತು. ಬೆಳಕು ಕೊಡುವ ಭಾಗ ಸರಿಯಾಗೇ ಇತ್ತು, ಬ್ಯಾಟರಿಯೂ ಸರಿ ಇತ್ತು, ಆದರೆ ಚಾರ್ಜ್ ಮಾಡಲು ದಾರಿ ಇಲ್ಲದೆ ಇಡೀ ಟಾರ್ಚ್ ಕಸ. ನನಗೆ ಅದು ತುಂಬಾ ಬೇಸರ ತಂದಿತು.

ಮೂರನೆಯದು 18650 ಸೆಲ್ಲಿನ ದೊಡ್ಡ ಟಾರ್ಚ್. 18650 ಅಂದರೆ ಎಎಗಿಂತ ದಪ್ಪಗಿರುವ, ರೀಚಾರ್ಜ್ ಆಗುವ ಲಿಥಿಯಂ ಅಯಾನ್ ಸೆಲ್. ಅದು ಹಾಳಾಗಲಿಲ್ಲ. ದಾರ ಕಟ್ಟಿರಲಿಲ್ಲ, ಕೈಯಿಂದ ಜಾರಿ ನೀರಿಗೆ ಬಿತ್ತು. ಅಲ್ಯೂಮಿನಿಯಂ ಟಾರ್ಚ್ ತೇಲುವುದಿಲ್ಲ. ಉರಿಯುತ್ತಲೇ ಕೆಳಗೆ ಇಳಿಯಿತು, ಸ್ವಲ್ಪ ಹೊತ್ತು ಹಸಿರು ಬೆಳಕು ಕಾಣುತ್ತಿತ್ತು. ಆದರೆ ಬೀಳುವ ಮೊದಲೂ ಅದರ ಮೇಲೆ ನನಗೆ ಒಂದು ದೂರು ಇತ್ತು: ಒತ್ತಿದ ಕೂಡಲೇ ಪೂರ್ತಿ ಬೆಳಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬಿಳಿ ಹಾಯಿಗೋ ಬಿಳಿ ಡೆಕ್‌ಗೋ ಒಮ್ಮೆ ಆ ಬೆಳಕು ಬಡಿದರೆ ಮುಗೀತು, ಮತ್ತೆ ಅರ್ಧ ಗಂಟೆ ಸುತ್ತಲಿನ ನೀರು ಕಾಣುವುದಿಲ್ಲ. ಕಡಿಮೆ ಮಾಡಲು ಹೋದರೆ ನಡುವೆ ಆ ಮಿಣಮಿಣ ಮಿನುಗುವ ಬೆಳಕು ಬೇರೆ ದಾಟಬೇಕು. ಪಹರೆಯಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ನಾಲ್ಕನೆಯದಕ್ಕೆ ಬರುತ್ತೇನೆ. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದೇ ಬಗೆಯ ಟಾರ್ಚ್ ಹಲವು ಹೆಸರಿನಲ್ಲಿ ಸಿಗುತ್ತದೆ, ಮಾದರಿಗಳೂ ಬೇಗ ಬದಲಾಗುತ್ತವೆ. ಗುಣ ನೋಡಿ ತಗೊಳ್ಳಿ. ಅಂಗೈಯಲ್ಲಿ ಹಿಡಿಯುವಷ್ಟೇ ಉದ್ದ, ಅಲ್ಯೂಮಿನಿಯಂ ಮೈ, ಒಂದೇ ಒಂದು ಎಎ ಸೆಲ್. ಚಾರ್ಜಿಂಗ್ ತೂತು ಇಲ್ಲ. ಬುಡದಲ್ಲಿ ದಾರಕ್ಕೆ ಜಾಗ ಇದೆ. ನೀರು ತಡೆಯುವ ಮಟ್ಟ ಐಪಿಎಕ್ಸ್8. ಗುಂಡಿ ಒತ್ತಿ ಹಿಡಿದರೆ ಅತಿ ಕಡಿಮೆ ಬೆಳಕು, ಸುಮಾರು 1 ಲೂಮೆನ್ (ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆ). ನನ್ನ ಪ್ರಕಾರ ಈ ಟಾರ್ಚಿನ ನಿಜವಾದ ಬೆಲೆ ಇರುವುದು ಆ 1 ಲೂಮೆನ್‌ನಲ್ಲಿ. ನಕ್ಷೆ ನೋಡಲು, ಗಂಟು ನೋಡಲು, ಮಲಗಿದವರನ್ನು ಎಬ್ಬಿಸದೆ ಕೆಳಗೆ ಇಳಿಯಲು ಅಷ್ಟೇ ಸಾಕು. ಕೆಂಪು ಬೆಳಕೇ ಬೇಕು ಅನ್ನುವವರು ಇದ್ದಾರೆ, ಅದು ರಾತ್ರಿಯ ಕಣ್ಣನ್ನು ಉಳಿಸುತ್ತದೆ ನಿಜ, ಆದರೆ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದದ್ದು ಆ ಬೆಳಕಿನಲ್ಲಿ ಮಾಯವಾಗುತ್ತದೆ. ತೀರಾ ಮಂದವಾದ ಬಿಳಿ ಬೆಳಕೇ ನನಗೆ ಹೆಚ್ಚು ಒಗ್ಗಿತು.

ಐಪಿ ಅಂಕಿಯ ಬಗ್ಗೆ ಒಂದು ಮಾತು. ಐಪಿಎಕ್ಸ್4 ಅಂದರೆ ಸಿಡಿಯುವ ನೀರು ತಡೆಯುತ್ತದೆ, ಅಷ್ಟೇ. ಐಪಿಎಕ್ಸ್7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಐಪಿಎಕ್ಸ್8 ಅದಕ್ಕಿಂತ ಹೆಚ್ಚು, ಎಷ್ಟು ಅಂತ ತಯಾರಿಸಿದವರೇ ಹೇಳಬೇಕು. ಆದರೆ ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಟಾರ್ಚ್ ಮೇಲೆ. ಉಪ್ಪು ವರ್ಷಗಟ್ಟಲೆ ಏನು ಮಾಡುತ್ತದೆ ಅಂತ ಅದು ಹೇಳುವುದಿಲ್ಲ. ದೋಣಿಗೆ 7ಕ್ಕಿಂತ ಕೆಳಗಿನದು ಬೇಡವೇ ಬೇಡ.

ಡಬ್ಬದ ಮೇಲಿನ ಉಳಿದ ಅಂಕಿಗಳನ್ನೂ ಅರ್ಥ ಮಾಡಿಕೊಂಡು ಓದಿ. ಎಫ್‌ಎಲ್1 ಅನ್ನುವ ಮಾನದಂಡದಲ್ಲಿ ಎಷ್ಟು ದೂರ ಬೆಳಕು ಹೋಗುತ್ತದೆ ಅಂತ ಲೆಕ್ಕ ಹಾಕುವುದು 0.25 ಲಕ್ಸ್ ಉಳಿಯುವ ಜಾಗದವರೆಗೆ. ಅದು ಹುಣ್ಣಿಮೆ ಬೆಳಕಿನಷ್ಟು. ಅಂದರೆ 100 ಮೀಟರ್ ಅಂತ ಬರೆದಿದ್ದರೆ ನಿಮಗೆ ಏನಾದರೂ ಸ್ಪಷ್ಟವಾಗಿ ಕಾಣುವುದು ಅದರ ಅರ್ಧಕ್ಕಿಂತ ಹತ್ತಿರ. ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದೂ ಹಾಗೆಯೇ, ಬೆಳಕು ಮೊದಲಿನ ಶೇಕಡ 10ಕ್ಕೆ ಇಳಿಯುವವರೆಗಿನ ಸಮಯ ಅದು. ನಾನು ಗಡಿಯಾರ ಇಟ್ಟು ನೋಡಿದೆ. ಮಧ್ಯದ ಬೆಳಕಿನಲ್ಲಿ, ಕೆಲಸಕ್ಕೆ ಸಾಕಾಗುವಷ್ಟು, ಸುಮಾರು 4 ಗಂಟೆ ಬಂತು.

ಎಎ ಸೆಲ್ ಯಾಕೆ ಅಂತ ಕೇಳಬಹುದು. 18650ಗೆ ಶಕ್ತಿ ಜಾಸ್ತಿ, ಒಪ್ಪುತ್ತೇನೆ. ಆದರೆ ಎಎ ಯಾವ ಬಂದರಿನಲ್ಲೂ ಸಿಗುತ್ತದೆ, ರೇಡಿಯೋಗೂ ಗಡಿಯಾರಕ್ಕೂ ಅದೇ ಸೆಲ್ ಹಾಕಬಹುದು. ನಾವು ಹಾಕುವುದು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್, ಸುಮ್ನೆ ಇಟ್ಟರೂ ಬೇಗ ಇಳಿಯದ ಬಗೆಯದು. 1.2 ವೋಲ್ಟ್, 2000 ಮಿಲಿಆಂಪ್ ಅವರ್, ಅಂದರೆ 2.4 ವಾಟ್ ಅವರ್. ದೋಣಿಯ 12 ವೋಲ್ಟ್ ಬ್ಯಾಟರಿಯಿಂದ ಇದನ್ನು ತುಂಬಿಸಲು, ನಷ್ಟ ಸೇರಿಸಿದರೂ, ಅರ್ಧ ಆಂಪ್ ಅವರ್ ಕೂಡ ಬೇಡ. ಸಣ್ಣ ಸೋಲಾರ್ ಹಲಗೆ ಇರುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆಪತ್ತಿಗೆ ಅಂತ ತೆಗೆದಿಟ್ಟ ಚೀಲದಲ್ಲಿ ಮಾತ್ರ ರೀಚಾರ್ಜ್ ಆಗದ ಲಿಥಿಯಂ ಎಎ ಇಟ್ಟಿದ್ದೇವೆ, ಅವು ಆಲ್ಕಲೈನ್‌ನಂತೆ ಸೋರಿ ಹಾಳುಮಾಡುವುದಿಲ್ಲ, ಹತ್ತು ವರ್ಷ ಇಟ್ಟರೂ ಇರುತ್ತವೆ. ನೀವು 18650ಯೇ ತಗೊಳ್ಳುವುದಾದರೆ 9900 ಮಿಲಿಆಂಪ್ ಅವರ್ ಅಂತ ಬರೆದ ಸೆಲ್ ಮುಟ್ಟಬೇಡಿ, ಅದು ಸುಳ್ಳು. ಒಳ್ಳೆಯ ಸೆಲ್ ಸಾಮಾನ್ಯವಾಗಿ 3500ರ ಆಸುಪಾಸು.

ಇನ್ನೊಂದು, ಬಣ್ಣ. ಅಗ್ಗದ ಟಾರ್ಚ್ ಬಹಳಷ್ಟು ನೀಲಿ ಬೆಳಕು ಕೊಡುತ್ತವೆ, ಅದರಲ್ಲಿ ಕಂದು ವೈರು ಯಾವುದು ಕೆಂಪು ವೈರು ಯಾವುದು ಗೊತ್ತಾಗುವುದಿಲ್ಲ. ಎಂಜಿನ್ ಕೆಳಗೆ ನಿಂತಿರುವುದು ನೀರೋ ಎಣ್ಣೆಯೋ ಅಂತಲೂ ತಿಳಿಯುವುದು ಕಷ್ಟ. ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕಿ (ಗರಿಷ್ಠ 100), 90 ಅಥವಾ ಹೆಚ್ಚು ಅಂತ ಬರೆದಿರುವುದನ್ನು ಹುಡುಕಿ. ಲೂಮೆನ್ ಸ್ವಲ್ಪ ಕಡಿಮೆ ಆದರೂ ಚಿಂತೆ ಇಲ್ಲ.

ಮ್ಯಾಗ್ನೆಟ್ ಇರುವ ಟಾರ್ಚ್ ಬಗ್ಗೆ ನಾನು ಗಟ್ಟಿಯಾಗಿ ಹೇಳುತ್ತೇನೆ, ಬೇಡ. ಎಂಜಿನ್‌ಗೆ ಅಂಟಿಸಿಕೊಂಡು ಕೆಲಸ ಮಾಡಲು ಅನುಕೂಲ ಅಲ್ವಾ ಅಂತ ಅನ್ನಿಸುತ್ತದೆ. ಆದರೆ ರಾತ್ರಿ ಯಾರೋ ಅದನ್ನು ದಿಕ್ಸೂಚಿಯ ಪಕ್ಕ ಇಟ್ಟರೆ ಸೂಜಿ ತಿರುಗಿಬಿಡುತ್ತದೆ, ನೀವು ತಪ್ಪು ದಿಕ್ಕಿಗೆ ಹೋಗುತ್ತಿರುವುದು ನಿಮಗೇ ಗೊತ್ತಾಗುವುದಿಲ್ಲ. ಕೆಲವದರಲ್ಲಿ ಆ ಮ್ಯಾಗ್ನೆಟ್ ಬಿಚ್ಚಿ ತೆಗೆಯಬಹುದು, ತೆಗೆದುಬಿಡಿ.

ಈ ಟಾರ್ಚಿನ ಕೊರತೆ ಏನು? ದೂರ. ನೀರಿನಲ್ಲಿ ಬಿದ್ದವರನ್ನು ಹುಡುಕಲು ಇದು ಸಾಲದು. ಲೈಫ್ ಜಾಕೆಟ್ ಮೇಲಿನ ಹೊಳೆಯುವ ಪಟ್ಟಿ ಬೆಳಕು ಬಿದ್ದಾಗ ದೂರದಿಂದಲೂ ಮಿಂಚುತ್ತದೆ, ಆದರೆ ಅಲ್ಲಿಯವರೆಗೆ ಬೆಳಕು ಮುಟ್ಟಬೇಕಲ್ಲ. ಅದಕ್ಕೆ ಕಿರಿದಾದ ಕಿರಣದ ದೊಡ್ಡ ಟಾರ್ಚ್ ಒಂದು ಬೇರೆಯೇ ಇರಲಿ. ಎರಡು ಕೈಯೂ ಬೇಕಾದ ಕೆಲಸಕ್ಕೆ ತಲೆಗೆ ಕಟ್ಟುವ ಟಾರ್ಚ್ ಬೇಕು, ಇದನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡಿದ್ದೇನೆ, ಅದು ಸರಿಯಲ್ಲ. ಇನ್ನೊಂದು ಕೊರತೆ, ಮೈ ದುಂಡಗೆ, ಇಟ್ಟಲ್ಲಿ ನಿಲ್ಲದೆ ಉರುಳುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡು ಎಳೆದು ಹಾಕಿದ ಮೇಲೆ ಉರುಳುವುದು ನಿಂತಿತು, ಒದ್ದೆ ಕೈಗೆ ಹಿಡಿತವೂ ಸಿಕ್ಕಿತು.

ಇದು ಹದಿನಾಲ್ಕು ತಿಂಗಳು ಬಾಳಿದ್ದು ಸುಮ್ನೆ ಅಲ್ಲ. ಅಲೆ ಬಡಿದ ದಿನ ಸಿಹಿನೀರಿನಲ್ಲಿ ತೊಳೆದು ಒರೆಸುತ್ತೇವೆ. ತಿಂಗಳಿಗೆ ಒಮ್ಮೆ ಹಿಂದಿನ ಮುಚ್ಚಳ ಬಿಚ್ಚಿ, ತಿರುಪು ಒರೆಸಿ, ರಬ್ಬರ್ ರಿಂಗಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್. ಬಿಚ್ಚದೇ ಬಿಟ್ಟರೆ ತಿರುಪು ಕಚ್ಚಿಕೊಂಡು ಆಮೇಲೆ ಬರುವುದೇ ಇಲ್ಲ. ಜೇಬಿನಲ್ಲಿ ತಾನಾಗೇ ಉರಿಯದಿರಲಿ ಅಂತ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸುವವರು ಇದ್ದಾರೆ. ಚೀಲದಲ್ಲಿ ಇಡುವುದಕ್ಕೆ ಅದು ಸರಿ. ಆದರೆ ಮೆಟ್ಟಿಲ ಪಕ್ಕ ನೇತುಹಾಕಿದ್ದನ್ನು ಎಂದೂ ಸಡಿಲಿಸಬೇಡಿ, ಅದು ಒತ್ತಿದ ಕೂಡಲೇ ಉರಿಯಬೇಕು.

ಇಷ್ಟೊಂದು ಯಾಕೆ ಅಂದರೆ, ಸಮುದ್ರದ ಘರ್ಷಣೆ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ 25ನೇ ನಿಯಮವೇ ಇದನ್ನು ಹೇಳುತ್ತದೆ. 7 ಮೀಟರಿಗಿಂತ ಚಿಕ್ಕ ಹಾಯಿದೋಣಿ ಅಥವಾ ಹುಟ್ಟು ಹಾಕುವ ದೋಣಿಗೆ ಮಾಮೂಲು ದೀಪ ಇಲ್ಲದಿದ್ದರೆ, ಬಿಳಿ ಬೆಳಕಿನ ಟಾರ್ಚ್ ಅಥವಾ ಲಾಟೀನು ಕೈಗೆ ಸಿಗುವಂತೆ ಇಟ್ಟಿರಬೇಕು, ಡಿಕ್ಕಿ ಆಗುವ ಮೊದಲೇ ಸಾಕಷ್ಟು ಮುಂಚಿತವಾಗಿ ತೋರಿಸಬೇಕು. ನಾವು ದಡಕ್ಕೆ ಹೋಗಿ ಬರುವ ಪುಟ್ಟ ಹುಟ್ಟಿನ ದೋಣಿಯಲ್ಲಿ ಇರುವ ಒಂದೇ ದೀಪ ಈ ಟಾರ್ಚ್. ಕಳೆದ ತಿಂಗಳು ಕತ್ತಲಲ್ಲಿ ಒಂದು ಮೋಟಾರ್ ದೋಣಿ ನೇರ ನಮ್ಮ ಕಡೆಗೇ ಬರುತ್ತಿತ್ತು. ಹೆಂಡತಿ ಕುತ್ತಿಗೆಯ ದಾರದಲ್ಲಿದ್ದ ಟಾರ್ಚ್ ಒತ್ತಿ ಅದರ ಕಡೆ ತೋರಿಸಿದಳು, ಅದು ಬಲಕ್ಕೆ ತಿರುಗಿ ಹೋಯಿತು. ಮರುದಿನವೇ ಇಂಥದ್ದೇ ಇನ್ನೆರಡು ತರಿಸಲು ಹೇಳಿದೆವು, ಒಂದೊಂದು ಲೈಫ್ ಜಾಕೆಟ್ಟಿಗೆ ಒಂದೊಂದು.