ಎಆರ್‌ಎಫ್‌ನ 'ಆಲ್ಮೋಸ್ಟ್' ನಂಬಿ ನಾನು ಕೆಟ್ಟ ಕಥೆ

ಆರ್‌ಸಿ, ಅಂದ್ರೆ ರೇಡಿಯೋ ರಿಮೋಟ್‌ನಿಂದ ಹಾರಿಸೋ ಪುಟ್ಟ ಪ್ಲೇನ್ ತಗೊಳ್ಳೋಕೆ ಹೊರಟಿರೋರು ನಾನು ಮಾಡ್ಕೊಂಡ ಎಡವಟ್ಟು ಓದಿ ಆಮೇಲೆ ಆರ್ಡರ್ ಹಾಕಿ.

ನನ್ನ ಮೊದಲನೇದು ಫೋಮ್ ಟ್ರೈನರ್ (ಹಾರಿಸೋದು ಕಲಿಯೋರ ಪ್ಲೇನ್), ಆರ್‌ಟಿಎಫ್, ಅಂದ್ರೆ ರೆಡಿ ಟು ಫ್ಲೈ. ಟ್ರಾನ್ಸ್‌ಮಿಟರ್ (ಕೈಲಿ ಹಿಡಿಯೋ ರಿಮೋಟ್), ಬ್ಯಾಟರಿ, ಚಾರ್ಜರ್ ಎಲ್ಲಾ ಒಂದೇ ಡಬ್ಬದಲ್ಲಿ ಬಂದಿತ್ತು, ರೆಕ್ಕೆ ಸಿಕ್ಕಿಸಿ ಹಾರಿಸಿದ್ದಷ್ಟೇ. ಅದೇ ಗುಂಗಲ್ಲಿ ಎರಡನೇದಕ್ಕೆ ಒಂದು ಬಾಲ್ಸಾ (ಹಗುರ ಮರ) ಪ್ಲೇನ್ ನೋಡ್ದೆ, ಎಆರ್‌ಎಫ್ ಅಂತಿತ್ತು. ಆಲ್ಮೋಸ್ಟ್ ರೆಡಿ ಟು ಫ್ಲೈ. ಆಲ್ಮೋಸ್ಟ್ ಅಂದ್ಮೇಲೆ ಇನ್ನೇನು, ನಾಲ್ಕು ಸ್ಕ್ರೂ ಬಿಗಿ ಮಾಡಿದ್ರಾಯ್ತು ಅನ್ಕೊಂಡೆ, ಫೋಟೋದಲ್ಲೂ ಆಕಾಶದಲ್ಲಿ ಹಾರ್ತಾನೇ ಇತ್ತಲ್ಲ.

ಡಬ್ಬ ಬಿಚ್ಚಿದ್ರೆ ಕವರಿಂಗ್ ಹಾಕಿದ ರೆಕ್ಕೆ ಎರಡು ತುಂಡು, ಬಾಡಿ, ಬಾಲ, ಒಂದಿಷ್ಟು ಕಡ್ಡಿ ತಂತಿ ಇರೋ ಕವರ್. ಮೋಟರ್ ಇಲ್ಲ, ಅದರ ವೇಗ ನಿಯಂತ್ರಿಸೋ ಇಎಸ್‌ಸಿ ಇಲ್ಲ, ರೆಕ್ಕೆ-ಬಾಲದ ಅಲಗು ಅಲ್ಲಾಡಿಸೋ ಪುಟ್ಟ ಮೋಟರ್, ಅಂದ್ರೆ ಸರ್ವೋ ಇರಬೇಕಾದ ಜಾಗದಲ್ಲಿ ಬರೀ ತೂತು. ಮಾರಿದವ್ರಿಗೆ ಕೇಳಿದ್ರೆ "ಎಆರ್‌ಎಫ್ ಅಂತ ಬರ್ದಿದೀವಲ್ಲ ಸಾರ್" ಅಂದ್ರು. ಅದೂ ನಿಜಾನೇ, ಬೈಯೋಕೂ ಆಗ್ಲಿಲ್ಲ. ಆದ್ರೆ ಬೇರೆ ಏನೇನು ತಗೋಬೇಕು ಅನ್ನೋ ಪಟ್ಟಿ ಮಾರೋ ಪುಟದಲ್ಲಿ ಇರ್ಲಿಲ್ಲ, ಡಬ್ಬದೊಳಗಿನ ಮ್ಯಾನ್ಯುಯಲ್‌ನಲ್ಲಿತ್ತು!

ನಾಲ್ಕು ಸರ್ವೋ, ಮೋಟರ್, ಇಎಸ್‌ಸಿ, ಪ್ರೊಪೆಲ್ಲರ್, 3ಎಸ್ ಲಿಪೋ (ಮೂರು ಸೆಲ್ ಬ್ಯಾಟರಿ), ಅದರ ಸೆಲ್‌ಗಳನ್ನ ಸಮವಾಗಿ ಚಾರ್ಜ್ ಮಾಡೋಕೆ ಬ್ಯಾಲೆನ್ಸ್ ಚಾರ್ಜರ್, ಎಪಾಕ್ಸಿ ಅಂಟು, ಹೀಗೆ ತಗೊಳ್ತಾ ಹೋಗಿ ಕೊನೆಗೆ ಲೆಕ್ಕ ಹಾಕಿದ್ರೆ ಪ್ಲೇನ್‌ಗಿಂತ ಜಾಸ್ತಿ ಆಗಿತ್ತು. ಇಎಸ್‌ಸಿಲಿ ಒಂದು ಥರ ಕನೆಕ್ಟರ್, ಬ್ಯಾಟರಿಲಿ ಇನ್ನೊಂದು ಥರ, ಅದಕ್ಕೆ ಬೆಸುಗೆ ಬೇರೆ ಕಲೀಬೇಕಾಯ್ತು.

ನಿಜವಾದ ಪೆಟ್ಟು ಬಿದ್ದಿದ್ದು ರೇಡಿಯೋದಲ್ಲಿ. ಟ್ರೈನರ್ ಟ್ರಾನ್ಸ್‌ಮಿಟರ್ 2.4 ಗಿಗಾಹರ್ಟ್ಸ್, ಪ್ಲೇನ್‌ನೊಳಗೆ ಕೂರೋ ರಿಸೀವರೂ 2.4 ಅಂತ ತಂದೆ, ಒಂದಿಡೀ ಸಂಜೆ ಬಟನ್ ಒತ್ತಿ ಕೂತ್ರೂ ಬೈಂಡ್ ಆಗ್ಲಿಲ್ಲ, ಅಂದ್ರೆ ಎರಡೂ ಒಂದಕ್ಕೊಂದು ಜೋಡಿ ಆಗ್ಲಿಲ್ಲ. ಫ್ರೀಕ್ವೆನ್ಸಿ ಒಂದೇ ಆದ್ರೂ ಪ್ರೋಟೋಕಾಲ್ (ಅವು ಮಾತಾಡೋ ಭಾಷೆ) ಬೇರೆ, ಡಿಎಸ್‌ಎಂಎಕ್ಸ್ ಮಾತಾಡೋದು ಎಎಫ್‌ಎಚ್‌ಡಿಎಸ್‌ಗೆ ಅರ್ಥ ಆಗಲ್ಲ. ಅದಲ್ದೆ ನನ್ನ ಟ್ರಾನ್ಸ್‌ಮಿಟರ್ 3 ಚಾನೆಲ್ (ಒಂದೊಂದು ನಿಯಂತ್ರಣಕ್ಕೆ ಒಂದೊಂದು), ಈ ಪ್ಲೇನ್‌ಗೆ ಏಲೆರಾನ್ (ಪಕ್ಕಕ್ಕೆ ಓರೆ ಮಾಡೋ ರೆಕ್ಕೆ ಅಂಚಿನ ಅಲಗು) ಇರೋದ್ರಿಂದ ಕಡಿಮೆ ಅಂದ್ರೂ 4 ಬೇಕು. ಸರಿ, ಹೊಸ ರೇಡಿಯೋ ತಗೊಂಡೆ.

ಇನ್ನು ರೆಕ್ಕೆ ಜೋಡ್ಸೋವಾಗ 5 ನಿಮಿಷದ ಎಪಾಕ್ಸಿ ಹಾಕ್ದೆ, ಎರಡೂ ಕಡೆ ಸರಿ ಮಾಡೋಷ್ಟರಲ್ಲೇ ಗಟ್ಟಿಯಾಗಿ ಒಂದು ಕಡೆ ಸ್ವಲ್ಪ ತಿರುಚ್ಕೊಂಡಿದೆ, ಈಗ್ಲೂ ಟ್ರಿಮ್ (ರಿಮೋಟ್‌ನಲ್ಲಿ ಸಣ್ಣ ಸರಿಪಡಿಕೆ) ಕೊಟ್ಟೇ ಹಾರಿಸ್ಬೇಕು. 30 ನಿಮಿಷದ್ದೇ ತಗೊಳ್ಳಿ, ಅವಸರ ಮಾಡ್ಬೇಡಿ.

ಆಮೇಲೆ ಸಿಜಿ, ಅಂದ್ರೆ ಪ್ಲೇನ್‌ನ ತೂಕ ಸಮ ಆಗೋ ಬಿಂದು. ಆರ್‌ಟಿಎಫ್‌ನಲ್ಲಿ ಅವರೇ ಕೊಟ್ಟ ಬ್ಯಾಟರಿ ಅವರು ಹೇಳಿದ ಜಾಗದಲ್ಲಿಟ್ರೆ ಮುಗೀತು. ಎಆರ್‌ಎಫ್‌ನಲ್ಲಿ ಮೋಟರು ಬ್ಯಾಟರಿ ಎಲ್ಲಾ ನಾವು ಆರಿಸಿದ್ದು, ತೂಕ ಎಲ್ಲಿ ಕೂರುತ್ತೆ ಅಂತ ನಾವೇ ನೋಡ್ಬೇಕು. ನಾನು ಬೆರಳ ಮೇಲೆ ಇಟ್ಟು ನೋಡಿದ್ರೆ ಬಾಲ ಧೊಪ್ ಅಂತ ಕೆಳಗೆ. ಹಾಗೇ ಹಾರಿಸಿದ್ರೆ ಮೂತಿ ಮೇಲೆತ್ತಿ ಸ್ಟಾಲ್ ಆಗಿ (ರೆಕ್ಕೆಗೆ ಎತ್ತೋ ಶಕ್ತಿ ಹೋಗಿ) ಮಣ್ಣಿಗೆ ಬೀಳ್ತಿತ್ತು, ಬ್ಯಾಟರಿ ಮುಂದಕ್ಕೆ ತಳ್ಳಿ, ಸಾಲ್ದೆ ಮೂತಿಗೆ ಸೀಸ ಕಟ್ಟಿದೀನಿ.

ಆರ್‌ಟಿಎಫ್, ಎಆರ್‌ಎಫ್ ಇವೆರಡ್ರ ಮಧ್ಯೆ ಬೇರೆನೂ ಇದೆ. ಪಿಎನ್‌ಪಿ (ಪ್ಲಗ್ ಅಂಡ್ ಪ್ಲೇ) ಅಂದ್ರೆ ಮೋಟರ್, ಇಎಸ್‌ಸಿ, ಸರ್ವೋ ಕೂರ್ಸಿರ್ತಾರೆ, ರಿಸೀವರ್ ಟ್ರಾನ್ಸ್‌ಮಿಟರ್ ನಮ್ದು, ಬ್ಯಾಟರಿನೂ ಸಾಮಾನ್ಯವಾಗಿ ನಮ್ದೇ. ಬಿಎನ್‌ಎಫ್‌ನಲ್ಲಿ (ಬೈಂಡ್ ಅಂಡ್ ಫ್ಲೈ) ರಿಸೀವರೂ ಇರುತ್ತೆ, ಆದ್ರೆ ನಮ್ಮ ರೇಡಿಯೋ ಅದೇ ಪ್ರೋಟೋಕಾಲ್ ಇರ್ಬೇಕು. 'ಬಿಎನ್‌ಎಫ್ ಬೇಸಿಕ್' ಅಂದ್ರೆ ಬ್ಯಾಟರಿ, ಚಾರ್ಜರ್ ಇರಲ್ಲ. ಬರೀ ಕಿಟ್ ಅಂತಿದ್ರೆ ಕತ್ತರಿಸಿದ ಬಾಲ್ಸಾ ಹಲಗೆಗಳು, ಅದು ಎಷ್ಟೋ ವಾರಗಳ ಕೆಲ್ಸ. ಈ ಅಕ್ಷರಗಳನ್ನ ಎಲ್ಲಾ ಕಂಪನಿನೂ ಒಂದೇ ಥರ ಬಳಸಲ್ಲ, ಅದಕ್ಕೇ ದುಡ್ಡು ಕಟ್ಟೋ ಮುಂಚೆ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ 'ಪೂರ್ತಿ ಮಾಡೋಕೆ ಬೇಕಾದ್ದು' ಅನ್ನೋ ಪುಟ ಹುಡುಕಿ ಓದಿ, ಅದು ಸಿಗ್ಲಿಲ್ಲ ಅಂದ್ರೆ ಡಬ್ಬದಲ್ಲಿ ಏನೇನಿದೆ ಅಂತ ಮಾರೋರ ಹತ್ರ ಬರಹದಲ್ಲೇ ಕೇಳಿ. ಬೈಂಡ್ ಆಗದ ನನ್ನ ರಿಸೀವರ್ ಇನ್ನೂ ಡ್ರಾಯರ್‌ನಲ್ಲೇ ಬಿದ್ದಿದೆ.