ಬಾನೆಟ್ ಒಳಗಿನ ಬಣ್ಣ: ಸ್ಪ್ರೇ ಡಬ್ಬಿ, ಗನ್, ಬ್ರಷ್ ಮೂರೂ ನೋಡಿಯಾಯ್ತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರಷ್‌ಗೆ. ಪೇಂಟ್ ಅಂಗಡಿಯವರು ನಕ್ಕರು. "ಬ್ರಷ್ ಗೇಟಿಗೆ ಸಾರ್, ಕಾರಿಗಲ್ಲ" ಅಂದರು. ನಗಲಿ ಬಿಡಿ. ಇಂಜಿನ್ ಇಳಿಸದೆ, ಮನೆ ಮುಂದೆಯೇ ನಿಲ್ಲಿಸಿಕೊಂಡು ಬಾನೆಟ್ ಒಳಗೆ ಬಣ್ಣ ಬಳಿಯುವವರಿಗೆ ಇದಕ್ಕಿಂತ ವಾಸಿಯಾದದ್ದು ನನಗೆ ಕಂಡಿಲ್ಲ.

ನನ್ನದು ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800. ಬಿಳಿ ಬಣ್ಣ. ಬ್ಯಾಟರಿ ಕೆಳಗೆ ಆಸಿಡ್ ಸೋರಿ ತುಕ್ಕು ಹಿಡಿದಿತ್ತು, ಬ್ರೇಕ್ ಆಯಿಲ್ ಡಬ್ಬಿ ಕೆಳಗೆ ಬಣ್ಣ ಸಿಪ್ಪೆ ಎದ್ದಿತ್ತು. ಎಡಗಡೆಗೆ ಸ್ಪ್ರೇ ಡಬ್ಬಿ, ಬಲಗಡೆಗೆ ಬ್ರಷ್ ಹಿಡಿದೆ. ಗನ್ ಹಿಡಿದದ್ದು ಹಾಸನದಲ್ಲಿ, ಭಾವನ ಕಾರಿಗೆ. ಗನ್ನಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಅವರ ಮನೆಯಲ್ಲಿದೆ.

ತೊಳೆಯುವ ಕೆಲಸ ಮೂರಕ್ಕೂ ಒಂದೇ. ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ ಬ್ಯಾಟರಿ ಹೊರಗಿಡಿ. ಅದರ ಜಾಗಕ್ಕೆ ಅಡುಗೆ ಸೋಡಾ ಕಲಸಿದ ನೀರು ಸುರಿಯಿರಿ, ನೊರೆ ಏಳುವುದು ನಿಲ್ಲುವ ತನಕ. ಆಸಿಡ್ ಉಳಿದರೆ ಮೇಲೆ ಏನು ಬಳಿದರೂ ದಂಡ. ಜಿಡ್ಡಿಗೆ ಡೀಸೆಲ್ ಮತ್ತು ಹಳೇ ಟೂತ್ ಬ್ರಷ್, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಪೂರ್ತಿ ಒಣಗಿದ ಮೇಲೆ ಥಿನ್ನರ್ ಬಟ್ಟೆ. ವಾಟರ್ ಸರ್ವಿಸ್‌ನಲ್ಲಿ ಹೊಳಪಿಗೆ ಅಂತ ಇಂಜಿನ್ ಮೇಲೆ ಎಣ್ಣೆ ಹೊಡೆಸಿದ್ದರೆ ಎರಡು ಸಲ ತೊಳೆಯಿರಿ. ಇಲ್ಲದಿದ್ದರೆ ಹೊಸ ಬಣ್ಣ ಅಲ್ಲಲ್ಲಿ ದುಂಡಗೆ ಬಾಯಿ ಬಿಡುತ್ತದೆ. ಉಜ್ಜುವುದಕ್ಕೆ ಮೂಲೆಗಳಲ್ಲಿ ವಾಟರ್ ಪೇಪರ್‌ಗಿಂತ ಅಡುಗೆಮನೆಯ ಹಸಿರು ಸ್ಕಾಚ್ ಬ್ರೈಟ್ ಚೆನ್ನಾಗಿ ಹೋಗುತ್ತದೆ.

ಇನ್ನು ಜಗಳದ ವಿಷಯಕ್ಕೆ ಬರೋಣ. ಮಾಸ್ಕಿಂಗ್, ಅಂದರೆ ಬಣ್ಣ ತಾಗಬಾರದ್ದನ್ನೆಲ್ಲ ಮುಚ್ಚುವುದು.

ಡಬ್ಬಿಯಾಗಲಿ ಗನ್ನಾಗಲಿ, ಬಣ್ಣ ನೀವು ಹೇಳಿದ ಕಡೆ ಮಾತ್ರ ಹೋಗುವುದಿಲ್ಲ. ವೈರು, ಹೋಸು, ಕೇಬಲ್, ಆಲ್ಟರ್ನೇಟರ್, ಬೆಲ್ಟ್, ರೇಡಿಯೇಟರ್ ಎಲ್ಲವನ್ನೂ ಮುಚ್ಚಬೇಕು. ದಿನಪತ್ರಿಕೆ ಸುತ್ತಿದರೆ ಥಿನ್ನರ್ ಅದರೊಳಗೆ ಇಳಿಯುತ್ತದೆ. ಅಗ್ಗದ ಟೇಪು ಬಿಸಿಲಿಗೆ ಅಂಟು ಬಿಟ್ಟು ಬರುತ್ತದೆ, ಆ ಅಂಟು ತೆಗೆಯಲು ಮತ್ತೆ ಥಿನ್ನರ್, ಆ ಥಿನ್ನರ್ ಪಕ್ಕದ ಬಣ್ಣಕ್ಕೆ ತಾಗಿ ಮತ್ತೆ ತಲೆನೋವು. ಕೊನೆಗೆ ಕೈ ಹಿಡಿದದ್ದು ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್. ಹೋಸಿನ ಮೇಲೆ ಒತ್ತಿದರೆ ಹಾಗೇ ಕೂರುತ್ತದೆ, ಟೇಪೇ ಬೇಡ. ಆದರೂ ಸುತ್ತುವುದರಲ್ಲೇ ದಿನ ಕಳೆಯಿತು. ಬಣ್ಣ ಹೊಡೆದ ಸಮಯ ಅದರ ಮುಂದೆ ಏನೂ ಅಲ್ಲ.

ಇಷ್ಟು ಸುತ್ತಿದ ಮೇಲೂ ಗಾಳಿಯಲ್ಲಿ ತೇಲಿದ ಬಣ್ಣ ಎಲ್ಲಿ ಹೋಗಿ ಕೂರುತ್ತದೋ ಹೇಳಲಾಗದು. ನಮ್ಮದು ಅಪಾರ್ಟ್‌ಮೆಂಟ್ ಪಾರ್ಕಿಂಗು. ಪಕ್ಕದಲ್ಲಿ ಕಪ್ಪು ಕಾರು. ಅಂಕಲ್ ಬಂದು ಬೆರಳಲ್ಲಿ ಸವರಿ ನೋಡಿ, "ಇದೇನಪ್ಪಾ ಹಿಟ್ಟು ಹಿಟ್ಟು?" ಅಂದರು. ಅವರ ಕಾರನ್ನು ನಾನೇ ಪಾಲಿಶ್ ಮಾಡಿಸಿಕೊಟ್ಟೆ. ಬ್ರಷ್‌ಗೆ ಈ ಯಾವ ರಗಳೆಯೂ ಇಲ್ಲ. ವೈರನ್ನು ಎಡಗೈಯಲ್ಲಿ ಸರಿಸು, ಬಲಗೈಯಲ್ಲಿ ಬಳಿ. ಅಷ್ಟೇ.

ಎರಡನೇ ತೊಂದರೆ ಬಗ್ಗಿಸುವುದು. ಸ್ಪ್ರೇ ಡಬ್ಬಿ ನೆಟ್ಟಗಿದ್ದರೆ ಮಾತ್ರ ಸರಿಯಾಗಿ ಹೊಡೆಯುತ್ತದೆ. ಇಂಜಿನ್ ಹಿಂದಿನ ಗೋಡೆಗೆ ಹೊಡೆಯಲು ಅಡ್ಡ ಹಿಡಿದರೆ ಬರೀ ಗ್ಯಾಸ್ ಬರುತ್ತದೆ, ಇಲ್ಲವೇ ತುಪುಕ್ ಅಂತ ಹನಿ ಉಗಿಯುತ್ತದೆ. ಮೇಲೆ ಕಪ್ ಇರುವ ಗನ್ನಿಗೂ ಇದೇ ಕಥೆ, ಓರೆ ಮಾಡಿದರೆ ಮುಚ್ಚಳದ ತೂತಿನಿಂದ ಬಣ್ಣ ಸೋರುತ್ತದೆ. ಅದಕ್ಕಿಂತ ಮೊದಲು ಆ ಸಂದಿಯಲ್ಲಿ ಗನ್ ತೂರಬೇಕಲ್ಲ!

ಗನ್ನಿನ ಫಿನಿಶ್ ಮಾತ್ರ ಭರ್ಜರಿ. ಅದರಲ್ಲಿ ಎರಡು ಮಾತಿಲ್ಲ.

ಡಬ್ಬಿಯ ಬಣ್ಣ ನನ್ನ ಮನಸ್ಸಿಂದ ಪೂರ್ತಿ ಇಳಿದದ್ದು ಪೆಟ್ರೋಲ್ ತಾಗಿದ ದಿನ. ಕಾರ್ಬ್ಯುರೇಟರ್ ಕ್ಲೀನ್ ಮಾಡುವಾಗ ನಾಲ್ಕು ಹನಿ ಬಿತ್ತು. ಒರೆಸಿದರೆ ಬಟ್ಟೆಗೆ ಬಿಳಿ ಬಣ್ಣ ಬಂತು. ಸಾಮಾನ್ಯ ಸ್ಪ್ರೇ ಡಬ್ಬಿಯಲ್ಲಿ ಬಣ್ಣ ಗಟ್ಟಿಯಾಗಿಸುವ ಹಾರ್ಡ್‌ನರ್ ಇರುವುದಿಲ್ಲ, ಬಣ್ಣ ಬರೀ ಒಣಗುತ್ತದೆ, ಗಟ್ಟಿ ಕಟ್ಟಿಕೊಳ್ಳುವುದಿಲ್ಲ. ನಾನು ಬ್ರಷ್‌ನಲ್ಲಿ ಬಳಿದದ್ದು ಗೇಟಿನ ಎನಾಮಲ್ ಅಲ್ಲ, ಗನ್ನಿಗೆ ಹಾಕುವ ಅದೇ ಎರಡು ಭಾಗದ ಪಿಯು, ಅಂದರೆ ಹಾರ್ಡ್‌ನರ್ ಬೆರೆಸಿ ಬಳಿಯುವ ಪಾಲಿಯುರೆಥೇನ್ ಬಣ್ಣ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯ ಅಂಗಡಿಗಳಲ್ಲಿ ಕಾರಿನ ಬಣ್ಣಕ್ಕೆ ಹೊಂದಿಸಿ ಸ್ವಲ್ಪವೇ ಬೇಕಾದರೂ ಕಲಸಿಕೊಡುತ್ತಾರೆ. ಅದರ ಮೇಲೂ ಪೆಟ್ರೋಲ್ ಬಿದ್ದಿದೆ. ಒರೆಸಿದೆ, ಹೋಯಿತು. ಬ್ರೇಕ್ ಆಯಿಲ್ ಬಿದ್ದರೆ ಮಾತ್ರ ಯಾವ ಬಣ್ಣವನ್ನೂ ನಂಬಬೇಡಿ, ಆಗಲೇ ನೀರು ಹಾಕಿ ತೊಳೆಯಿರಿ.

ಪಿಯು ಕೆಳಗೆ ಎಪಾಕ್ಸಿ ಪ್ರೈಮರ್ ಹಾಕಿ. ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಬೇಡ, ಪಿಯು ಥಿನ್ನರ್ ತಾಗಿದರೆ ಅದು ಸುಕ್ಕುಗಟ್ಟಬಹುದು. ಸೈಲೆನ್ಸರ್‌ಗೆ ಹೊಡೆಯುವ ಹೀಟ್ ಪೇಂಟೂ ಬೇಡ. ಅದು ಗಟ್ಟಿಯಾಗುವುದೇ ಜೋರು ಬಿಸಿಗೆ, ಬಾನೆಟ್ ಕೆಳಗಿನ ತಗಡು ಅಷ್ಟು ಕಾಯುವುದಿಲ್ಲ.

ಪಿಯು ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಗನ್ನಿನಲ್ಲಿ ಅದು ಮಂಜಿನಂತೆ ಹರಡುತ್ತದೆ, ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಡಬ್ಬಿ ಇರುವ ಕಾರ್ಟ್ರಿಜ್ ಮಾಸ್ಕೂ ಒಳ್ಳೆ ಗಾಳಿಯೂ ಬೇಕೇ ಬೇಕು. ಬ್ರಷ್‌ನಲ್ಲಿ ಮಂಜು ಏಳುವುದಿಲ್ಲ. ಹಾಗಂತ ಗ್ಲೌಸ್ ಬಿಡಬೇಡಿ, ಮುಚ್ಚಿದ ಗ್ಯಾರೇಜಲ್ಲಿ ಕೂತು ಬಳಿಯಬೇಡಿ.

ಬ್ರಷ್ ಗುರುತು ಕಾಣುತ್ತದಾ? ಬಗ್ಗಿ ನೋಡಿದರೆ ಕಾಣುತ್ತದೆ. ಒಂದಿಂಚಿನ ಮೃದು ಕೂದಲಿನ ಬ್ರಷ್, ನಿಧಾನ ಒಣಗುವ ಥಿನ್ನರ್, ತೆಳುವಾಗಿ ಎರಡು ಕೋಟ್ ಹಾಕಿದರೆ ಬಣ್ಣ ತಾನೇ ಹರಡಿಕೊಂಡು ಸುಮಾರು ಸಮನಾಗುತ್ತದೆ. ಚಾಸಿ ನಂಬರ್ ಮೇಲೆ ಮಾತ್ರ ಹುಷಾರು, ಅಲ್ಲಿ ಬ್ರಷ್ ಆಡಿಸಲೇ ಬೇಡಿ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕಲ್ವಾ, ಆಗ ಪೆನ್ಸಿಲ್ ಉಜ್ಜಿ ಆ ನಂಬರಿನ ಅಚ್ಚು ತೆಗೆಯುತ್ತಾರೆ. ದಪ್ಪ ಬಣ್ಣ ತುಂಬಿದ್ದರೆ ಆರ್‌ಟಿಒ ಮುಂದೆ ನಿಂತು ಕೆರೆಯಬೇಕಾಗುತ್ತದೆ.

ಖರ್ಚು? ಡಬ್ಬಿ ಅಗ್ಗ ಅನಿಸುತ್ತದೆ, ಆದರೆ ಒಂದರಲ್ಲಿ ಮುಗಿಯುವುದಿಲ್ಲ. ಗನ್ ಕಂಪ್ರೆಸರ್ ಇದ್ದವರಿಗೆ ಸರಿ. ನನಗೆ ಬ್ರಷ್ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ, ಸೋಮವಾರ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಡಲು ಕಾರು ಬೇಕು. ಒಂದು ಭಾನುವಾರ ಬ್ಯಾಟರಿ ಜಾಗ, ಇನ್ನೊಂದು ಭಾನುವಾರ ಲೈಟಿನ ಹಿಂದೆ, ಹೀಗೆ ತುಂಡು ತುಂಡಾಗಿ ಮುಗಿಸಬಹುದು. ಬಣ್ಣವನ್ನು ಆ ದಿನಕ್ಕೆ ಬೇಕಾದಷ್ಟೇ ಕಲಸಿ, ಹಾರ್ಡ್‌ನರ್ ಸೇರಿದ್ದು ಮರುದಿನಕ್ಕೆ ಕಲ್ಲು.

ನಿಮ್ಮದು ಸಿಲ್ವರ್ ಥರದ ಮೆಟಾಲಿಕ್ ಕಾರಾದರೆ ಇದಿಷ್ಟನ್ನೂ ಮರೆತುಬಿಡಿ. ಬ್ರಷ್ ಎಳೆದಲ್ಲೆಲ್ಲಾ ಪಟ್ಟೆ ಬೀಳುತ್ತದೆ. ಬೇರೆ ಕೆಲಸಕ್ಕೆ ಅಂತ ಮೆಕ್ಯಾನಿಕ್ ಹೇಗೂ ಇಂಜಿನ್ ಕೆಳಗಿಳಿಸುವ ತನಕ ಕಾಯಿರಿ, ಆಗ ಗನ್ನಿನವರನ್ನು ಕರೆಸಿ.